ಹೊಸ ಫೋನ್ ಇಟ್ಟುಹೋದ ಕಳವು

೨೦೨೫ರ ನವೆಂಬರ್ ೧೧, ಮಂಗಳವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಮಹಾರಾಷ್ಟ್ರದ ಗಡಹಿಂಗ್ಲಜ ಠಾಣೆಗೆ ಬಂದ ಫಿರ್ಯಾದುದಾರ ಮೇಜಿನ ಮೇಲೆ ಹೊಚ್ಚ ಹೊಸ ಮೊಬೈಲ್ ಒಂದನ್ನು ಇಟ್ಟು, ತನ್ನ ಮೊಬೈಲ್ ಕಳವಾಗಿದೆ ಎಂದ.

ಹವಾಲ್ದಾರ ಹಾಲಸಿದ್ದ ಮೊಬೈಲನ್ನು ನೋಡಿದ, ಆಮೇಲೆ ಆಸಾಮಿಯನ್ನು ನೋಡಿದ.

"ಇದ ಯಾರದ್ರಿ ಮತ್ತ?"

"ಕಳ್ಳ ಇಟ್ಟು ಹೋಗ್ಯಾನ್ರಿ."

"ಯಾತಕ್ಕ?"

"ನನಗ ಗೊತ್ತಿದ್ರ ನಿಮ್ಮ ಕಡೆ ಯಾಕ ಬರತಿದ್ನಿ?"

ಆಸಾಮಿಯ ಹೆಸರು ಕಾಕಾಸಾಹೇಬ ಕೋರಿ, ವಯಸ್ಸು ಐವತ್ತೆಂಟು, ಊರು ನೇಸರಿ. ಗಡಹಿಂಗ್ಲಜದ ಒಂದು ಹಾಲಿನ ಡೇರಿಯಲ್ಲಿ ಕಾರ್ಯದರ್ಶಿ. ದಿನಾ ಮೊದಲ ಎಸ್‌ಟಿ ಬಸ್ಸು ಹಿಡಿದು ಬರುತ್ತಾನೆ. ಹಿಂದಿನ ದಿನ ಬೆಳಿಗ್ಗೆ ಏಳರ ಸುಮಾರಿಗೆ, ಹಾಲು ಹಾಕುವವರ ಗದ್ದಲದ ನಡುವೆ ಫೋನನ್ನು ಮೇಜಿನ ಮೇಲೆ ಬಿಟ್ಟು ಹಿಂದಿನ ಕೋಣೆಗೆ ಹೋಗಿದ್ದ. ತಿರುಗಿ ಬಂದರೆ ಅದೇ ಜಾಗದಲ್ಲಿ ಈ ಫೋನು. ಅದು ರಿಂಗಾದಾಗ ಎತ್ತಿದರೆ ಅವನದೇ ನಂಬರು. ಸಿಮ್ಮು, ಮೆಮರಿ ಕಾರ್ಡು ಎರಡನ್ನೂ ಕಳ್ಳ ಹೊಸದರೊಳಗೆ ಹಾಕಿಕೊಟ್ಟಿದ್ದ. ಒಯ್ದದ್ದು ನಾಲ್ಕು ವರ್ಷದ ಹಳೇ ಫೋನು, ಒಂದು ಮೂಲೆ ಒಡೆದದ್ದು.

ಹಾಲಸಿದ್ದನಿಗೆ ನಗು ತಡೆಯಲಾಗಲಿಲ್ಲ. "ಆ ಕಳ್ಳಗ ನಮ್ಮ ಮನೀ ಪತ್ತಾ ಕೊಡ್ರಿ, ಪುಣ್ಯಾ ಬರತೈತಿ."

ಕಾಕಾಸಾಹೇಬನ ಮುಖ ಸಣ್ಣದಾಯಿತು. "ನಗಬ್ಯಾಡ್ರಿ ಹವಾಲ್ದಾರ. ಅದ್ರಾಗ ನಮ್ಮ ಬಾಳವ್ವ ಅದಾಳ."

ಒಳಗಿನಿಂದ ಇದನ್ನು ಕೇಳಿಸಿಕೊಂಡ ಇನ್ಸ್‌ಪೆಕ್ಟರ್ ಅಭಯಕುಮಾರ ಮಗದುಮ್ಮ ಅವನನ್ನು ಕರೆದು ಕೂಡಿಸಿದ. ಬಾಳವ್ವ ಕಾಕಾಸಾಹೇಬನ ಹೆಂಡತಿ, ತೀರಿಕೊಂಡು ಹದಿನಾಲ್ಕು ತಿಂಗಳು. ಆ ಹಳೇ ಫೋನಿನಲ್ಲಿ ಬಂದ ಕರೆಗಳೆಲ್ಲ ತಾವಾಗಿಯೇ ರೆಕಾರ್ಡ್ ಆಗುತ್ತಿದ್ದವು. ಡೇರಿಯಲ್ಲಿದ್ದ ಗಂಡನಿಗೆ ಅವಳು ಮಾಡಿದ ಕರೆಗಳು, ಉಂಡಿರೋ ಇಲ್ಲವೋ, ಬರುವಾಗ ಕೊತ್ತಂಬರಿ ತನ್ನಿ, ಇಂಥವು ಇನ್ನೂರಕ್ಕೂ ಹೆಚ್ಚು. ಅವಳ ದನಿ ಬೇರೆಲ್ಲೂ ಇರಲಿಲ್ಲ. ಫೋನು ದಿನಾ ಅಪ್‌ಡೇಟ್ ಮಾಡು ಎಂದು ಕೇಳುತ್ತಿತ್ತು. ಮಾಡಿದರೆ ರೆಕಾರ್ಡಿಂಗ್ ಹೋಗುತ್ತದೆ ಎಂದು ಯಾರೋ ಹೇಳಿದ್ದರಿಂದ ಅವನು ದಿನಾ ಆಮೇಲೆ ಎಂದು ಒತ್ತುತ್ತ ಬಂದಿದ್ದ.

"ಮೆಮರಿ ಕಾರ್ಡಿಗೆ ಹಾಕಿಸಿಕೋಬೇಕಿತ್ತಲ್ಲ?"

"ಯಾರ ಕೈಯಾಗ ಕೊಡೂದ್ರಿ ಸಾಹೇಬ್ರ? ಇಸಗೊಂಡಾವ ಅಳಿಸಿಬಿಟ್ರ?"

ಅಭಯಕುಮಾರ ಹತ್ತೊಂಬತ್ತು ವರ್ಷ ಕಳವು ನೋಡಿದವನು. ಕಳ್ಳ ಒಯ್ಯುವುದು ಗೊತ್ತು, ಇಟ್ಟುಹೋಗುವುದು ಗೊತ್ತಿರಲಿಲ್ಲ. ಕಾಕಾಸಾಹೇಬ ಕನ್ನಡದಲ್ಲಿ ಹೇಳಿದ್ದನ್ನು ಹಾಲಸಿದ್ದ ಮರಾಠಿಯಲ್ಲಿ ಬರೆಯುತ್ತ ಹೋದ. ನಷ್ಟದ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು.

"ಸಾಹೇಬ್ರ, ಇಲ್ಲಿ ಏನ್ ಬರೀಲಿ? ಇವರಿಗೆ ಫಾಯದಾನ ಆಗೇತಲ್ರಿ."

"ಹಳೇ ಮೊಬೈಲ್ ಅಂತ ಬರಿ."

ಕಟ್ಟಡದೊಳಗಿನ ಕಳವು ಎಂದು ಭಾರತೀಯ ನ್ಯಾಯ ಸಂಹಿತೆಯ ಕಲಂ ೩೦೫ರ ಕೆಳಗೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಡೇರಿಯಲ್ಲಿ ಸ್ಥಳ ಪಂಚನಾಮೆ. ಪಂಚರಿಬ್ಬರೂ ಹಾಲು ಹಾಕುವವರೇ. ಮೇಜು ಅಳೆದದ್ದಾಯಿತು, ಬಾಗಿಲು ಎಣಿಸಿದ್ದಾಯಿತು. ಆ ಹೊತ್ತಿಗೆ ಅರವತ್ತು ಮಂದಿ ಬಂದುಹೋಗಿರುತ್ತಾರೆ. ಸಂಶಯ ಯಾರ ಮೇಲೆ ಎಂದು ಕೇಳಿದರೆ ಕಾಕಾಸಾಹೇಬ ಯಾರ ಮೇಲೂ ಇಲ್ಲ ಎಂದ. ಹೆಗಲ ಮೇಲಿನ ಟಾವೆಲ್ಲಿನಿಂದ ಮುಖ ಒರೆಸಿಕೊಂಡ.

ಹೊಸ ಫೋನಿನಲ್ಲೇ ಏನೋ ಮೋಸವಿದೆ ಎಂದು ಇನ್ಸ್‌ಪೆಕ್ಟರ್ ಲೆಕ್ಕ ಹಾಕಿದ. ಕದ್ದು ಕೇಳುವ ಯಂತ್ರವೋ, ಬ್ಯಾಂಕಿನ ಖಾತೆಗೆ ಕನ್ನವೋ. ಬುಧವಾರ ಮಹಿಳಾ ಕಾನ್‌ಸ್ಟೇಬಲ್ ಸ್ನೇಹಲ ಅದನ್ನು ಲಕೋಟೆಯಲ್ಲಿ ಸೀಲ್ ಮಾಡಿಕೊಂಡು ಕೊಲ್ಲಾಪುರದ ಸೈಬರ್ ವಿಭಾಗಕ್ಕೆ ಒಯ್ದಳು. ಶುಕ್ರವಾರ ಸಂಜೆ ವರದಿ ಬಂತು.

"ಫೋನ್ ಸ್ವಚ್ಛ ಐತ್ರಿ ಸರ್," ಎಂದಳು ಸ್ನೇಹಲ. "ಏನೂ ಇಲ್ಲ. ಕಳವಿನ ಮಾಲೂ ಅಲ್ಲ. ಐಎಂಇಐ ನಂಬರಿನಿಂದ ಅಂಗಡಿ ಸಿಕ್ಕೇತಿ. ನವೆಂಬರ್ ಎಂಟಕ್ಕ ಇಚಲಕರಂಜಿಯೊಳಗ ಖರೀದಿ ಆಗೇತಿ."

"ಅಂದ್ರ ಕಳ್ಳ ದುಕಾನಕ್ಕ ಹೋಗಿ, ಹೊಸಾ ಫೋನ್ ತಗೊಂಡು, ಎರಡ ದಿನ ಬಿಟ್ಟು ಇಲ್ಲೀ ತನಕ ಬಂದು, ಡಬ್ಬಾ ಫೋನಿಗೆ ಬದಲಿ ಮಾಡಿಕೊಂಡು ಹೋದ?"

"ಹೌದ್ರಿ."

"ನನಗ ತಿಳಿವಲ್ದು."

"ನನಗೂ ತಿಳಿವಲ್ದ್ರಿ ಸರ್."

ನವೆಂಬರ್ ೧೭, ಸೋಮವಾರ. ಇನ್ಸ್‌ಪೆಕ್ಟರ್, ಹಾಲಸಿದ್ದ, ಸ್ನೇಹಲ ಹೊರಟರು. ಮಾಲು ಸಿಕ್ಕರೆ ಗುರುತು ಹಿಡಿಯಲೆಂದು ಕಾಕಾಸಾಹೇಬನನ್ನೂ ಜೀಪಿನಲ್ಲಿ ಕೂಡಿಸಿಕೊಂಡರು. ಒಂದೂವರೆಗೆ ಇಚಲಕರಂಜಿ ಮುಟ್ಟಿದರು. ಅಂಗಡಿಯವನು ಜಿನೇಂದ್ರ, ಮೂವತ್ತರ ಹುಡುಗ, ಮಾರುವುದೂ ರಿಪೇರಿಯೂ ಎರಡೂ ಅವನೇ. ಬಿಲ್ ಬುಕ್ ತೆಗೆದು ತೋರಿಸಿದ. ಮಂಗಲ ಮುರಗುಡೆ, ಶಹಾಪುರ.

"ಯಾರೀಕಿ?"

"ಟಾವೆಲ್ ಮಾರೂ ಮಂಗಲಕ್ಕರಿ. ಎಸ್‌ಟಿಯೊಳಗ ಊರೂರಿಗೆ ಹೋಗತಾರ."

ಕಾಕಾಸಾಹೇಬ ಹೆಗಲ ಮೇಲಿನ ಟಾವೆಲ್ ಮುಟ್ಟಿ ನೋಡಿಕೊಂಡ. ಅವಳಿಂದಲೇ ಕೊಂಡದ್ದು. "ಆ ಹೆಂಗಸು ನನ್ನ ಫೋನ್ ಬೇಡಿದ್ಲರಿ! ದೀಪಾವಳಿ ಮುಂದ. ಹೊಸಾದು ಕೊಡತೇನಿ, ಇದನ್ನ ಕೊಡ್ರಿ ಅಂದ್ಲು. ಇಂಥಾ ಡಬ್ಬಾಕ್ಕ ಹೊಸಾದು ಯಾಕ ಕೊಡತಾಳ, ಏನರ ಮೋಸ ಇರಬೇಕಂತ ಒದರಾಡಿ ಕಳಿಸಿದ್ನಿ."

"ಇದನ್ನ ಮೊದಲ ಹೇಳಾಕ ಏನಾಗಿತ್ತು?"

"ಭಾಳ ಪಾಪದಾಕಿ ಕಾಣತಿದ್ಲರಿ."

ಇನ್ಸ್‌ಪೆಕ್ಟರ್ ಹಣೆ ಒತ್ತಿಕೊಂಡು ಜಿನೇಂದ್ರನ ಕಡೆ ತಿರುಗಿದ. "ಆ ಹಳೇ ಫೋನ್ಯಾಗ ಅಂಥಾದ್ದೇನೈತಿ?"

ಜಿನೇಂದ್ರ ಸ್ಟೂಲು ಎಳೆದು ಕೊಟ್ಟ. ಮಂಗಲಳ ಗಂಡ ಶಂಕರಲಿಂಗ ಮೂವತ್ತು ವರ್ಷ ಜಾಬರನಾಗಿ ಪವರ್‌ಲೂಮ್ ಮಗ್ಗ ರಿಪೇರಿ ಮಾಡಿದವನು. ಆ ಸದ್ದಿನಲ್ಲೇ ಕಿವಿ ಹೋಯಿತು.

"ಮೂರ ವರ್ಷದ ಹಿಂದ ಅವರ ಫೋನಿಗೆ ನಾನ ಒಂದ ಆ್ಯಪ್ ಹಾಕಿಕೊಟ್ಟಿದ್ನಿರಿ. ಫೋನ್ ಕಿಸೇದಾಗ, ವೈರ್ ಕಿವ್ಯಾಗ. ಎದರಿನವರ ಮಾತು ಹಿಡದು, ಅವರಿಗೆ ಯಾವ ದನಿ ಕೇಳೂದಿಲ್ಲೋ ಅದನ್ನಷ್ಟ ಎತ್ತಿ ಕೊಡತಿತ್ತು. ಒಂದ ಐತವಾರ ಪೂರಾ ಕುಂತು ಹೊಂದಿಸಿದ್ವಿ."

"ಕಿವೀ ಮಶೀನ್ ಸಿಗತಾವಲ್ಲ?"

"ಎರಡ ಸಲ ಹಾಕಿಸಿದ್ರು. ಅದ್ರಾಗ ಮಗ್ಗದ ಸದ್ದೂ ಅಷ್ಟ, ಮನಷ್ಯಾರ ಮಾತೂ ಅಷ್ಟ. ತಗದು ಡಬ್ಬ್ಯಾಗ ಇಟ್ಟರು. ಇದ ಛಲೋ ನಡದಿತ್ತು. ಜೂನದಾಗ ಅಪ್‌ಡೇಟ್ ಬಂತು. ಚಾರ್ಜಿಂಗಿಗೆ ಹಚ್ಚಿದ್ರು, ಅದರಷ್ಟಕ್ಕ ಅದು ಆಗಿಬಿಡ್ತು. ಅವತ್ತಿಂದ ಮಾತು ತಡಾ ಆಗಿ ಬರಾಕತ್ತು. ತುಟಿ ಮುಚ್ಚಿದ ಮ್ಯಾಲೆ ಮಾತು. ಎರಡ ಮಂದಿ ಮಾತಾಡಿದ್ರ ಯಾರದ ಯಾವದು ತಿಳಿಯೂದಿಲ್ಲ."

"ಹಳೇದನ್ನ ತಿರಗಿ ಹಾಕಬೇಕಪ್ಪಾ."

"ಕಂಪನಿ ಬಿಡೂದಿಲ್ರಿ. ಒಮ್ಮೆ ಮುಂದ ಹೋದ್ರ ಹಿಂದ ಬರದಂಗ ಒಳಗ ಕೀಲಿ ಹಾಕ್ಯಾರ. ಬ್ಯಾರೇ ಆಪರೇಟಿಂಗ್ ಸಿಸ್ಟಮ್ ಹಾಕೂಣಂದ್ರೂ ಅದ ಕೀಲಿ. ಮೊದಲ ಅರ್ಜಿ ಹಾಕಿದ್ರ ಬಿಚ್ಚಿ ಕೊಡತಿದ್ರು, ಈಗ ಅದನ್ನೂ ಬಂದ್ ಮಾಡ್ಯಾರ. ನಾನ ಜಬರದಸ್ತಿ ಮಾಡಾಕ ಹೋದ್ನಿ, ಫೋನ್ ಸತ್ತಹೋತು."

"ಫೋನ್ ಅವರದ ಹೌದಿಲ್ಲೋ?"

"ಬಿಲ್ ಅವರ ಹೆಸರಿಲೆ ಐತ್ರಿ."

ಅಭಯಕುಮಾರ ತನ್ನ ಮೊಬೈಲ್ ತೆಗೆದು ನೋಡಿ ಮತ್ತೆ ಕಿಸೆಗೆ ಹಾಕಿದ. ಅದೂ ಎರಡು ದಿನದಿಂದ ಅಪ್‌ಡೇಟ್ ಕೇಳುತ್ತಿತ್ತು.

ಹೊಸ ಫೋನುಗಳಲ್ಲಿಯೂ ಅದೇ ತಡ. ಅದೇ ಮಾಡೆಲ್ಲಿನ, ಒಮ್ಮೆಯೂ ಅಪ್‌ಡೇಟ್ ಆಗದ ಫೋನು ಸಿಕ್ಕರೆ ಮಾತ್ರ ಸಾಧ್ಯ ಎಂದು ಮಂಗಲಳಿಗೆ ಹೇಳಿದವನೂ ಜಿನೇಂದ್ರನೇ. ಐದು ತಿಂಗಳು ಅವಳು ಟಾವೆಲ್ಲಿನ ಗಂಟು ಹೊತ್ತು ಹೋದ ಊರಲ್ಲೆಲ್ಲ ಜನರ ಫೋನು ನೋಡುತ್ತ ತಿರುಗಿದ್ದಳು. ಹೋದ ಸೋಮವಾರ ಮಧ್ಯಾಹ್ನ ಒಂದನ್ನು ತಂದು, ಖರೀದಿ ಮಾಡಿದೆ ಎಂದಿದ್ದಳು. ಇವನು ಮೊದಲಿನಂತೆ ಹೊಂದಿಸಿ, ಇಂಟರ್‌ನೆಟ್ ಬಂದ್ ಮಾಡಿ ಕೊಟ್ಟಿದ್ದ.

"ಒಳಗಿಂದ ಏನರ ಅಳಿಸಿದಿ?" ಕಾಕಾಸಾಹೇಬ ಮುಂದೆ ಬಂದು ಕೇಳಿದ.

"ನಾ ಏನೂ ಮುಟ್ಟಿಲ್ರಿ. ಅವರು ಮುಟ್ಟಿದ್ರ ಗೊತ್ತಿಲ್ಲ."

ಆ ಊರಿನದೇ ಭಾಗವಾದ ಶಹಾಪುರದಲ್ಲಿ ಎರಡೂ ಕಡೆ ಮಗ್ಗದ ಶೆಡ್ಡು. ಜೀಪು ನಿಂತಾಗ ಮೂರು ಐವತ್ತು. ಆ ಖಡಖಡದಲ್ಲಿ ಹಾಲಸಿದ್ದ ಹೇಳಿದ್ದು ಇನ್ಸ್‌ಪೆಕ್ಟರಿಗೇ ಕೇಳಲಿಲ್ಲ. ಬಾಗಿಲು ತೆರೆದ ಮಂಗಲ ಮೊದಲು ಖಾಕಿ ನೋಡಿದಳು, ಆಮೇಲೆ ಕಾಕಾಸಾಹೇಬನನ್ನು ನೋಡಿದಳು. ಏನನ್ನೂ ಕೇಳದೆ ಬದಿಗೆ ಸರಿದಳು. ನಲವತ್ತೆಂಟರ ಹೆಂಗಸು, ಕೈಯಲ್ಲಿ ಅರ್ಧ ಸುಲಿದ ಬೆಳ್ಳುಳ್ಳಿ.

ಒಳಗೆ ಶಂಕರಲಿಂಗ ಮಂಚದ ಮೇಲೆ ಕುಳಿತಿದ್ದ. ಅಂಗಿಯ ಕಿಸೆಯಲ್ಲಿ ಮೂಲೆ ಒಡೆದ ಫೋನು, ಎರಡೂ ಕಿವಿಗೆ ವೈರು.

"ಬರ್ರಿ, ಕುಂದರ್ರಿ," ಎಂದು ಗಟ್ಟಿಯಾಗಿ ಕರೆದ. "ಏನಾಗೇತ್ರಿ?"

"ಈ ಫೋನ್ ಎಲ್ಲಿಂದ ಬಂತು?"

"ನಂದರಿ. ಜಿನೇಂದ್ರ ದುರಸ್ತಿ ಮಾಡಿಕೊಟ್ಟಾನ. ಬ್ಯಾರೇದು ಕಾಣತೈತಿ, ಮ್ಯಾಲಿನ ಡಬ್ಬಿ ಬದಲಿ ಮಾಡ್ಯಾನಂತ."

ಮಂಗಲ ಗೋಡೆಗೆ ಮುಖ ಮಾಡಿದಳು.

ಗುರುತಿನ ಪಂಚನಾಮೆ ಶುರುವಾಯಿತು. ಕಾಕಾಸಾಹೇಬ ಕೈ ಚಾಚಿದ. ಶಂಕರಲಿಂಗ ಅರ್ಥವಾಗದೆಯೂ ಕಿಸೆಯಿಂದ ಫೋನು ತೆಗೆದು ಕೊಟ್ಟ. ಫೋನಿಗೆ ಸಿಕ್ಕಿಸಿದ ವೈರು ಅವನ ಕಿವಿಯಲ್ಲೇ ಉಳಿದಿತ್ತು. ಇಬ್ಬರ ನಡುವೆ ಗೇಣುದ್ದ ಜಾಗ. ಕಾಕಾಸಾಹೇಬ ರೆಕಾರ್ಡಿಂಗ್ ಪಟ್ಟಿ ತೆರೆದ. ಎಲ್ಲವೂ ಇದ್ದವು. ಒಂದರ ಮೇಲೆ ಒತ್ತಿದ. ಅವನು ಫೋನನ್ನು ಕಿವಿಗೆ ಹಿಡಿದ. ಏನೂ ಕೇಳಲಿಲ್ಲ.

"ಹೋಗೇತ್ರಿ," ಎಂದ. "ಸಾಹೇಬ್ರ, ದನಿ ಹೋಗೇತಿ."

ಆಗ ಶಂಕರಲಿಂಗ ಕಣ್ಣರಳಿಸಿ ಸುತ್ತ ನೋಡಿದ. "ಯಾರೋ ಹೆಣ್ಮಗಳು ಮಾತಾಡಾಕತ್ತಾರ. ಊಟಾ ಆತೇನ್ರಿ ಅಂತ ಕೇಳಾಕತ್ತಾರ."

ಕಾಕಾಸಾಹೇಬ ಅವನ ಬಾಯಿಯನ್ನೇ ನೋಡಿದ.

"ಇನ್ನೇನಂತಾಳ?"

"ಮೊಸರು ಹುಳಿ ಬಂದೈತಿ, ಬರೂಮುಂದ ಹೊಸಾದು ತರ್ರಿ ಅಂತಾರ." ಶಂಕರಲಿಂಗ ಜಾಗರೂಕತೆಯಿಂದ, ಒಂದೊಂದೇ ಮಾತನ್ನು ಒಪ್ಪಿಸುತ್ತಿದ್ದ. "ಬಿಸಿಲಾಗ ನಡಕೋತ ಬರಬ್ಯಾಡ್ರಿ ಅಂತಾರ. ನಗಾಕತ್ತಾರ. ಇಡತೇನ್ರಿ ಅಂದ್ರು."

ಆ ಕರೆ ಕಾಕಾಸಾಹೇಬನಿಗೆ ಬಾಯಿಪಾಠವಿತ್ತು. ಆದರೂ ನೆಲದ ಮೇಲೆ ಕುಳಿತು ಟಾವೆಲ್ ಮುಖಕ್ಕೆ ಒತ್ತಿಕೊಂಡು ಅತ್ತ. ಸ್ನೇಹಲ ಕಿಟಕಿಯ ಕಡೆ ತಿರುಗಿದಳು. ಕಳವಿನ ಮಾಲು ಸಿಕ್ಕಿತ್ತು, ಕಳ್ಳಿ ಸಿಕ್ಕಿದ್ದಳು, ಇಲ್ಲವೆಂದೂ ಅಂದಿರಲಿಲ್ಲ. ಇಷ್ಟು ಸಲೀಸಾದ ಪ್ರಕರಣದಲ್ಲಿ ಇಷ್ಟು ಗೊಂದಲ ಅಭಯಕುಮಾರನಿಗೆ ಹಿಂದೆಂದೂ ಆಗಿರಲಿಲ್ಲ.

ಮಾಲು ಜಪ್ತಾಗಲೇಬೇಕು. ಹಾಲಸಿದ್ದ ವೈರನ್ನು ಫೋನಿನಿಂದ ತೆಗೆದು, ಫೋನನ್ನು ಲಕೋಟೆಗೆ ಹಾಕಿ ಅರಗು ಇಟ್ಟ. ಆಮೇಲೆ ರೂಢಿಯಂತೆ ಶಂಕರಲಿಂಗನನ್ನು ಕೇಳಿದ.

"ಇದು ಕಳವಿನ ಮಾಲ್ ಅಂತ ನಿಮಗ ಗೊತ್ತಿತ್ತೇನ್ರಿ?"

ಶಂಕರಲಿಂಗ ಮುಗುಳ್ನಕ್ಕು ತಲೆಯಾಡಿಸಿದ. "ಹೂಂ."

"ಹೆಂಡತಿ ಕಳವು ಮಾಡಿದ್ದು ಗೊತ್ತಿತ್ತು?"

"ಹೂಂ, ಹೂಂ."

ಹಾಲಸಿದ್ದನ ಪೆನ್ನು ಕಾಗದ ಮುಟ್ಟುವ ಮೊದಲೇ ಮಂಗಲ ಬಂದು ಅದನ್ನು ಹಿಡಿದಳು. "ಅವರ ಹೂಂ ಬರಕೋಬ್ಯಾಡ್ರಿ! ಅವರಿಗೆ ಕೇಳಿಲ್ಲ. ಕೇಳದಿದ್ರ ಎಲ್ಲಾದಕ್ಕೂ ಹೂಂ ಅಂತಾರ."

"ಬರೀಬ್ಯಾಡ," ಎಂದ ಇನ್ಸ್‌ಪೆಕ್ಟರ್.

ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ ಬಂಧಿಸುವಂತಿಲ್ಲ. ಸಂಜೆ ಐದು ಹತ್ತಕ್ಕೆ ಸ್ನೇಹಲ ಮಂಗಲಳನ್ನು ವಶಕ್ಕೆ ತೆಗೆದುಕೊಂಡಳು. ಶಂಕರಲಿಂಗ ಬಾಗಿಲ ತನಕ ಬಂದು, ಎಲ್ಲಿಗೆ, ಯಾಕೆ ಎಂದು ಎಲ್ಲರನ್ನೂ ಕೇಳಿದ. ಎಲ್ಲರೂ ಹೇಳಿದರು. ಅವನು ಎಲ್ಲರಿಗೂ ಹೂಂ ಎಂದ.

ಜೀಪಿನಲ್ಲಿ ಕಾಕಾಸಾಹೇಬ ಮಂಗಲಳ ಕಡೆ ನೋಡಲಿಲ್ಲ. ಊರು ದಾಟಿದ ಮೇಲೆ ಇನ್ಸ್‌ಪೆಕ್ಟರಿಗೆ ಹೇಳಿದ. "ಕೇಸ್ ಬ್ಯಾಡ ಅನ್ನಿಸತೈತ್ರಿ. ಆದ್ರ ಫೋನ್ ನನಗ ಬೇಕ್ರಿ."

"ಎರಡೂ ಇನ್ನ ಕೋರ್ಟಿನ ಕೈಯಾಗ ಅದಾವ."

ನವೆಂಬರ್ ೧೮, ಮಂಗಳವಾರ, ಬೆಳಿಗ್ಗೆ ಒಂಬತ್ತು. ಕೋರ್ಟಿಗೆ ಒಯ್ಯುವ ಮೊದಲು ಹಾಲಸಿದ್ದ ಮಂಗಲಳ ಹೇಳಿಕೆಯನ್ನು ಅವಳಿಗೆ ಓದಿ ಹೇಳಿದ. ಹೊರಗೆ ಬಾಕಿನ ಮೇಲೆ ಶಂಕರಲಿಂಗ ಕುಳಿತಿದ್ದ. ಎಸ್‌ಟಿ ಬದಲಿಸುತ್ತ ಒಬ್ಬನೇ ಬಂದಿದ್ದ. ಯಾರು ಎದುರು ಹಾಯ್ದರೂ ನಕ್ಕು ತಲೆಯಾಡಿಸುತ್ತಿದ್ದ.

"ಗಂಡನ ಕಿವಿಯ ಉಪಚಾರದ ಸಲುವಾಗಿ ಸದರಿ ಮೊಬೈಲ್ ತೆಗೆದುಕೊಂಡಿರುತ್ತೇನೆ," ಎಂದು ಹಾಲಸಿದ್ದ ಕನ್ನಡಕ್ಕೆ ತಿರುಗಿಸಿ ಹೇಳಿದ.

"ಹಂಗಲ್ರಿ," ಎಂದಳು ಮಂಗಲ.

"ಮತ್ತ ಹೆಂಗ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ನಾನ ಏನಂದ್ರೂ ಹೂಂ ಅನ್ನಾಕತ್ತಿದ್ರು. ಸುಳ್ಳ ಹೇಳಿದ್ರೂ ಹೂಂ, ಬೈದ್ರೂ ಹೂಂ. ಇಪ್ಪತ್ತೇಳ ವರ್ಷ ನನ್ನ ಜೋಡಿ ಜಗಳಾ ಆಡಿದ ಮನಷ್ಯಾ. ಹೋದ ವಾರ ಫೋನ್ ಹಚ್ಚಿದ ದಿನಾನ ಸಾರಿಗೆ ಉಪ್ಪ ಭಾಳ ಆತಂತ ನಾನಂದ್ನಿ, ಇಲ್ಲ ಕಡಿಮಿ ಆಗೇತಿ ಅಂತ ಒದರಾಡಿದ್ರು." ಅವಳು ಕಾಗದ ತೋರಿಸಿದಳು. "ಅದನ್ನ ಬರೀರಿ."

ಹಾಲಸಿದ್ದ ಮೊದಲಿನ ಸಾಲು ಹೊಡೆದುಹಾಕಿ ಬರೆದುಕೊಂಡ.