ಎಳವರೆ ನಾಡಿನ ಎರಡೆರಡು ಕಾಳು

ಬಹಳ ಬಹಳ ಹಿಂದೆ, ಮಿಂಚುಹೊಳೆಯ ಈಚೆ ದಡದಲ್ಲಿ ಎಳವರೆ ಎಂಬ ನಾಡಿತ್ತು. ಆಚೆ ದಡದ ನಾಲ್ಕು ನಾಡುಗಳ ಜೊತೆ ಅದೂ ಐದು ನಾಡುಗಳ ಕೂಟದಲ್ಲಿತ್ತು. ಐದಕ್ಕೂ ಒಂದೇ ಸಂತೆ, ಒಂದೇ ಅಳತೆಯ ಸೇರು. ಹೊಳೆಗೆ ಒಂದೇ ಸೇತುವೆ, ಸುಂಕವಿಲ್ಲ. ಒಂದು ವರ್ಷ ಎಳವರೆಯವರು ಕೂಟ ಬಿಟ್ಟು ಹೊರಬಂದರು. ಏಕೆ ಬಂದಿರಿ ಎಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು.

ಆ ದಿನವೇ ಧೂಮಾಕ್ಷನೆಂಬ ಮಾಂತ್ರಿಕ ಗಡಿ ಕಾಯುವುದಾಗಿ ಅರಸನನ್ನು ನಂಬಿಸಿ, ಸೇತುವೆಯ ಬಾಯಿಗೆ ಕಲ್ಲಿನ ಯಾಳಿಯೊಂದನ್ನು ಕೂರಿಸಿದ. ಅದಕ್ಕೆ ಸಿಂಹದ ಮೈ, ಆನೆಯ ಸೊಂಡಿಲು. ದೋಣಿ ಇಳಿಸಿದರೂ ಸೊಂಡಿಲು ಚಾಚಿ ದಡಕ್ಕೆ ತಳ್ಳುತ್ತಿತ್ತು.

"ಕೂಟ ಬಿಟ್ಟದ್ದು ಒಳ್ಳೆಯದಾಯಿತೋ, ಕೆಟ್ಟದಾಯಿತೋ? ನಾಡಿನ ಮನಸ್ಸನ್ನು ನಿಜವಾಗಿ ಹೇಳಿದರೆ ದಾರಿ," ಎನ್ನುತ್ತಿತ್ತು.

ಮೊದಲ ತಪ್ಪಿಗೆ ಎಡಗೈ ಕಲ್ಲಾಗುತ್ತಿತ್ತು, ಎರಡನೆಯದಕ್ಕೆ ಎಡಗಾಲು, ಮೂರನೆಯದಕ್ಕೆ ಇಡೀ ಮೈ. ಕಲ್ಲಾದವರ ಆಯಸ್ಸು ಧೂಮಾಕ್ಷನಿಗೆ ಸೇರುತ್ತಿತ್ತು. ಸೇತುವೆಯ ಬಳಿ ಆಗಲೇ ಹನ್ನೊಂದು ಜನ ಕಲ್ಲಾಗಿ ನಿಂತಿದ್ದರು.

ಅರಮನೆಯ ಕಣಜದಲ್ಲಿ ಧಾನ್ಯ ಅಳೆಯುವ ಬಾಚಯ್ಯನ ಹೆಂಡತಿ ಜಕ್ಕಲೆ ಹೆರಿಗೆಗೆಂದು ಆಚೆ ದಡದ ತವರಿಗೆ ಹೋದವಳು ಅಲ್ಲೇ ಸಿಕ್ಕಿಕೊಂಡಿದ್ದಳು. ಹೆಣ್ಣು ಮಗು ಹುಟ್ಟಿದ ಸುದ್ದಿಯನ್ನು ಅವಳ ಅಣ್ಣ ಆಚೆಯಿಂದ ಕೂಗಿ ತಿಳಿಸಿದ್ದ. ಎಂಟು ತಿಂಗಳಾದರೂ ಬಾಚಯ್ಯ ಮಗುವಿನ ಮುಖ ಕಂಡಿರಲಿಲ್ಲ. ಊಹಿಸಿ ಹೇಳಿದವರೆಲ್ಲ ಕಲ್ಲಾಗಿದ್ದಾರೆ, ತಾನು ಜನರನ್ನು ಕೇಳಿಯೇ ಹೇಳುತ್ತೇನೆ ಎಂದು ಅವನು ಹೊರಟ.

ಎಳವರೆಯಲ್ಲಿ ಜನರ ಅಭಿಪ್ರಾಯ ಕೇಳಬೇಕಾದರೆ ಕೇರಿಯ ನಡುವೆ ಗಡಿಗೆ ಇಡುತ್ತಿದ್ದರು. ಒಳ್ಳೆಯದು ಎನ್ನುವವರು ಬಿಳಿ ಅವರೆಕಾಳು ಹಾಕಬೇಕು, ಕೆಟ್ಟದ್ದು ಎನ್ನುವವರು ಕರಿ ಉದ್ದಿನಕಾಳು. ಕೇರಿಯ ಹಿರಿಯರು ಮೊದಲು, ಉಳಿದವರು ಆಮೇಲೆ. ಅದು ಹಿಂದಿನಿಂದ ಬಂದ ಮರ್ಯಾದೆ.

ಬಾಚಯ್ಯ ರಾಜಧಾನಿಯ ಒಂಬತ್ತು ಕೇರಿಗಳಲ್ಲೂ ಗಡಿಗೆ ಇಟ್ಟ. ಆರು ಕೇರಿಯಲ್ಲಿ ಅವರೆ ತುಂಬಿತು, ಮೂರರಲ್ಲಿ ಉದ್ದು. ಯಾಳಿಯ ಮುಂದೆ ಹೋಗಿ, ಒಳ್ಳೆಯದಾಯಿತು ಎನ್ನುತ್ತಾರೆ ಎಂದ. ಯಾಳಿ ಸುಳ್ಳು ಎಂದಿತು. ಎಡಗೈ ಕಲ್ಲಾಯಿತು.

ರಾಜಧಾನಿಯಷ್ಟೇ ನಾಡಲ್ಲವಲ್ಲ ಎಂದುಕೊಂಡು ಹಳ್ಳಿಗಳಿಗೂ ಹೋದ. ಇಪ್ಪತ್ತು ಹಳ್ಳಿಯಲ್ಲಿ ಉದ್ದು ತುಂಬಿತು, ಏಳರಲ್ಲಿ ಅವರೆ. ಎಲ್ಲ ಕೂಡಿಸಿ, ಕೆಟ್ಟದಾಯಿತು ಎನ್ನುತ್ತಾರೆ ಎಂದ. ಯಾಳಿ ಮತ್ತೆ ಸುಳ್ಳು ಎಂದಿತು. ಎಡಗಾಲು ಕಲ್ಲಾಯಿತು.

ಯಾರೋ ಎತ್ತಿನಗಾಡಿಯಲ್ಲಿ ಕೂರಿಸಿ ಮನೆಗೆ ಬಿಟ್ಟರು. ಬಾಚಯ್ಯನಿಗೆ ತಲೆ ಕೆಟ್ಟಿತು. ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ; ಮೂರನೆಯದು ಯಾವುದು? ಎಣಿಕೆಯಲ್ಲಿ ತಪ್ಪಿರಲಿಲ್ಲ, ಮೂರು ಸಲ ನೋಡಿದ್ದ. ಕೊನೆಗೆ ಗಡಿಗೆಗಳನ್ನೇ ದಿಟ್ಟಿಸುತ್ತ ಕೂತಾಗ ಹೊಳೆಯಿತು. ಇದರಲ್ಲಿ ಬರೀ ಅವರೆ, ಅದರಲ್ಲಿ ಬರೀ ಉದ್ದು. ಯಾವ ಗಡಿಗೆಯಲ್ಲೂ ಬೆರಕೆಯಿಲ್ಲ. ಕಣಜಕ್ಕೆ ಬರುವ ಯಾವ ಮೂಟೆಯೂ ಅಷ್ಟು ಶುದ್ಧವಾಗಿರುವುದನ್ನು ಅವನು ಕಂಡಿರಲಿಲ್ಲ.

ಈ ಸಲ ಎಲ್ಲ ಕೇರಿ, ಹಳ್ಳಿಗಳಿಂದ ಮುನ್ನೂರು ಜನರನ್ನು ಕರೆಸಿದ. ಒಬ್ಬೊಬ್ಬರ ಕೈಗೂ ಒಂದು ಅವರೆ, ಒಂದು ಉದ್ದು ಕೊಟ್ಟ. ಗಡಿಗೆಯ ಮೇಲೆ ಬಟ್ಟೆ ಹೊದಿಸಿ, ಒಳಗೆ ಕೈಯಿಟ್ಟು ಒಂದನ್ನು ಬಿಡಿ, ಇನ್ನೊಂದನ್ನು ಮುಷ್ಟಿಯಲ್ಲೇ ಒಯ್ಯಿರಿ ಎಂದ. ಸಂಜೆಗೆ ಎಣಿಸಿದರೆ ಐನೂರ ಎಂಬತ್ತೆರಡು ಕಾಳು. ಮತ್ತೆ ಎಣಿಸಿದ. ಅಷ್ಟೇ.

ಎದುರು ಮನೆಯ ಜಗುಲಿಯಲ್ಲಿ ಮುದುಕಿ ನಾಗಿಯಕ್ಕ ನೂಲು ಸುತ್ತುತ್ತಿದ್ದಳು. ಅವಳು ನೇಯುವವಳು.

"ಅಕ್ಕಾ, ನೀವು ಎಷ್ಟು ಕಾಳು ಹಾಕಿದಿರಿ?"

"ಎರಡೂ."

"ಒಂದು ಹಾಕಬೇಕಿತ್ತಲ್ಲ."

"ಯಾರೂ ನೋಡುತ್ತಿರಲಿಲ್ಲವಲ್ಲ, ತಮ್ಮಾ. ಆಚೆ ದಡದವರ ಅಗ್ಗದ ಬಟ್ಟೆ ಬರುವುದು ನಿಂತ ಮೇಲೆ ನನ್ನ ಸೀರೆ ಕೇಳುವವರಿದ್ದಾರೆ. ಆದರೆ ನೀಲಿ ಬಣ್ಣ ಅಲ್ಲಿಂದಲೇ ಬರಬೇಕು. ಮೂರು ತಿಂಗಳಿಂದ ಬರೀ ಬಿಳಿ ಸೀರೆ ನೇಯುತ್ತಿದ್ದೇನೆ, ಮದುವೆಗೆ ಯಾರು ಉಡುತ್ತಾರೆ? ನೀನೇ ಹೇಳು, ಯಾವ ಕಾಳು ಉಳಿಸಿಕೊಳ್ಳಲಿ?"

"ಮತ್ತೆ ಹೋದ ಸಲ ಏಕೆ ಬರೀ ಅವರೆ ಹಾಕಿದಿರಿ?"

"ಹಿರಿಯರು ಅವರೆ ಹಾಕಿದರು. ಅವರ ಕಣ್ಣೆದುರು ಉದ್ದು ಹಾಕಿ, ಮಾರನೆಯ ದಿನ ಅವರದೇ ಬಾವಿಗೆ ನೀರಿಗೆ ಹೋಗಲೇ?"

ಬಾಚಯ್ಯ ಊರುಗೋಲು ಹಿಡಿದು ಇನ್ನೂ ಹತ್ತು ಮನೆಗೆ ಹೋಗಿ ಕೇಳಿದ. ಒಂಬತ್ತು ಮನೆಯಲ್ಲಿ ಎರಡೆರಡು ಕಾಳು. ಹತ್ತನೆಯವನು ತನ್ನ ಎರಡೂ ಕಾಳನ್ನು ಸಾರಿಗೆ ಹಾಕಿದ್ದ.

ಮರುದಿನ ಅವನು ಮೂರನೆಯ ಸಲ ಯಾಳಿಯ ಮುಂದೆ ನಿಂತ. ಇನ್ನೊಬ್ಬನ ಆಯಸ್ಸು ಸಿಗುತ್ತದೆಂದು ಧೂಮಾಕ್ಷನೂ ಬಂದಿದ್ದ. ಹೊಳೆಯಾಚೆ ಜಕ್ಕಲೆ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಬಾಚಯ್ಯ ಗಾಡಿಯಲ್ಲಿ ತಂದ ಗಡಿಗೆಯನ್ನು ಯಾಳಿಯ ಕಾಲ ಬಳಿ ಬೋರಲು ಹಾಕಿದ. ಕರಿ ಬಿಳಿ ಬೆರೆತು ಹರಡಿತು.

"ಒಳ್ಳೆಯದೂ ಆಯಿತು, ಕೆಟ್ಟದ್ದೂ ಆಯಿತು ಅನ್ನುತ್ತಾರೆ. ಇವರು ಅದು, ಅವರು ಇದು ಅಂತಲ್ಲ. ಒಬ್ಬೊಬ್ಬರೂ ಎರಡೂ ಅನ್ನುತ್ತಾರೆ," ಎಂದ.

ಅದು ಉತ್ತರವೇ ಅಲ್ಲ, ಎರಡರಲ್ಲಿ ಒಂದನ್ನೇ ಹೇಳಬೇಕು ಎಂದು ಧೂಮಾಕ್ಷ ಅಬ್ಬರಿಸಿದ. ಯಾಳಿ ಸೊಂಡಿಲಿನಿಂದ ಕಾಳುಗಳನ್ನು ಕೆದಕಿ ನೋಡಿತು.

"ನಿಜ," ಎಂದಿತು.

ಒಡನೆಯೇ ಅದು ನಡುವೆ ಬಿರಿದು ಹೊಳೆಗೆ ಬಿತ್ತು. ಕದ್ದ ಆಯಸ್ಸೆಲ್ಲ ಕಳಚಿ ಧೂಮಾಕ್ಷ ಹೊಗೆಯಾಗಿ ಹೋದ. ಬಾಚಯ್ಯನ ಕೈಕಾಲಿಗೆ ಜೀವ ಬಂತು. ಕಲ್ಲಾಗಿದ್ದ ಹನ್ನೊಂದು ಜನ ಎಚ್ಚೆತ್ತು, ನಿಂತಲ್ಲೇ ತಮ್ಮ ಹಳೆಯ ವಾದ ಮುಂದುವರಿಸಿದರು.

ಜಕ್ಕಲೆ ಸೇತುವೆ ದಾಟಿ ಬಂದು ಮಗುವನ್ನು ಅವನ ಕೈಗಿತ್ತಳು. ಮಗು ಗುರುತಿಲ್ಲದ ಮುಖ ನೋಡಿ ಅತ್ತಿತು.

"ನೀವು ಯಾವ ಕಾಳು ಹಾಕಿದಿರಿ?" ಎಂದು ಕೇಳಿದಳು.

"ನಾನು ಎಣಿಸುವವನು, ಹಾಕಲಿಲ್ಲ."

"ಹಾಕುವುದಾದರೆ?"

ಬಾಚಯ್ಯ ಅಳುವ ಮಗುವನ್ನು ಹೆಗಲಿಗೇರಿಸಿಕೊಂಡ. "ನೀವಿಬ್ಬರೂ ಈಚೆಗೆ ಬಂದಿರಿ. ಅದು ಒಳ್ಳೆಯದಾಯಿತು. ಉಳಿದದ್ದು ನನಗೂ ತಿಳಿಯುತ್ತಿಲ್ಲ," ಎಂದ.

ಎಳವರೆಯವರು ಮತ್ತೆ ಕೂಟ ಸೇರಲಿಲ್ಲ, ಸೇರುವುದಿಲ್ಲ ಎಂದೂ ಹೇಳಲಿಲ್ಲ. ಸೇತುವೆಯ ಮೇಲೆ ಹೋಗುತ್ತ ಬರುತ್ತ, ವಾದ ಮಾಡುತ್ತ, ನೀಲಿ ಸೀರೆ ಉಟ್ಟು ಮದುವೆಯಾಗುತ್ತ ಎಲ್ಲರೂ ಸುಖವಾಗಿ ಬಾಳಿದರು.