ಟೇಪಿನ ಕಿವಿ

ಸತ್ತವನು ಕುರ್ಚಿಯಲ್ಲಿ ಕೂತೇ ಇದ್ದ. ಎರಡು ಕೈಗಳನ್ನೂ ಕುರ್ಚಿಯ ಬೆನ್ನಿಗೆ ಸೇರಿಸಿ ಕಂದು ಬಣ್ಣದ ಪ್ಯಾಕಿಂಗ್ ಟೇಪಿನಿಂದ ಬಿಗಿದಿದ್ದರು. ಅದೇ ಟೇಪು ಬಾಯಿಯ ಮೇಲಿಂದ ಕತ್ತಿನ ಹಿಂದಕ್ಕೆ ನಾಲ್ಕಾರು ಸುತ್ತು ಹೋಗಿತ್ತು. ತಲೆಯ ಎಡಭಾಗ ಒಡೆದ ಗಡಿಗೆಯಂತೆ ಒಳಕ್ಕೆ ಕುಸಿದಿತ್ತು. ಅಂಗಿಯ ಮೇಲೆ ಇಳಿದ ರಕ್ತ ಕುರ್ಚಿಯ ಕಾಲಿಗುಂಟ ಹರಿದು, ನೆಲದಲ್ಲಿದ್ದ ರಟ್ಟಿನ ಪೆಟ್ಟಿಗೆಯೊಂದನ್ನು ಅರ್ಧ ನೆನೆಸಿ ಒಣಗಿತ್ತು. ಪೆಟ್ಟಿಗೆಯ ಮೇಲೆ ‘ಒಡೆಯುವ ವಸ್ತು, ಜೋಪಾನ’ ಎಂದು ಮೂರು ಭಾಷೆಗಳಲ್ಲಿ ಅಚ್ಚಾಗಿತ್ತು.

ಸೊಸೆ ಬಾಗಿಲಲ್ಲೇ ನಿಂತುಬಿಟ್ಟಳು. ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡಳು.

“ವಾಂತಿ ಬರೋ ಹಾಗಿದ್ರೆ ಹೊರಗೆ ಹೋಗು ಕಣೆ, ನಾಚಿಕೆ ಪಡೋದೇನಿಲ್ಲ,” ಎಂದಳು ಅತ್ತೆ. “ಇಲ್ಲದಿದ್ರೆ ನನ್ನ ಕನ್ನಡಕ ಕೊಡು.”

ಸೊಸೆ ಕನ್ನಡಕ ಕೊಟ್ಟಳು. ಅತ್ತೆ ಪೊಲೀಸ್ ಇಲಾಖೆಯಿಂದ ನಿವೃತ್ತಳಾಗಿ ಬಹಳ ಕಾಲವಾಗಿತ್ತು. ಮಂಡಿ ಕೈಕೊಟ್ಟಿತ್ತು, ಕಣ್ಣು ಮಂಜಾಗಿತ್ತು, ಆದರೆ ಕುತೂಹಲಕ್ಕೆ ಮಾತ್ರ ವಯಸ್ಸಾಗಿರಲಿಲ್ಲ. ಕಾರು ಓಡಿಸಲು ಬರುತ್ತಿದ್ದ ತಪ್ಪಿಗೆ ಸೊಸೆ ಇಂಥ ಜಾಗಗಳಿಗೆಲ್ಲ ಜೊತೆಯಾಗಿ ಬರಬೇಕಾಗುತ್ತಿತ್ತು. ಬೇಡವೆಂದು ಗೊಣಗುತ್ತಾ ಹೊರಟರೂ, ದಾರಿಯಲ್ಲಿ ಅವಳೇ ಎರಡು ಸಿಗ್ನಲ್ ಹಾರಿಸುತ್ತಿದ್ದಳು.

ಫೋನ್ ಮಾಡಿ ಕರೆಸಿದ್ದ ಇನ್‌ಸ್ಪೆಕ್ಟರ್ ಅತ್ತೆಯ ಕೈಕೆಳಗೆ ಕೆಲಸ ಕಲಿತವನು. “ಮೇಡಂ, ಆರೋಪಿ ಯಾರು ಅಂತ ಗೊತ್ತಾಗಿದೆ. ಎಲ್ಲ ಸರಿಯಾಗಿ ಕೂಡಿಬಂದಿದೆ.”

“ಮತ್ತೆ ನನ್ನನ್ನ ಯಾಕಪ್ಪಾ ಎಬ್ಬಿಸಿದೆ?”

“ಎಲ್ಲ ಸರಿಯಾಗಿ ಕೂಡಿಬಂದ್ರೆ ಆಗಲೇ ಫೋನ್ ಮಾಡು ಅಂತ ನೀವೇ ಹೇಳಿದ್ರಲ್ಲ.”

ಅದು ಗಾಜಿನ ದೀಪಗಳ ಕಾರ್ಖಾನೆ. ಕಾರ್ಖಾನೆ ಅನ್ನುವುದು ದೊಡ್ಡ ಮಾತು. ಕೆಳಗೆ ಕುಲುಮೆ, ಮಹಡಿಯಲ್ಲಿ ಎದುರುಬದುರಾಗಿ ಪ್ಯಾಕಿಂಗ್ ಕೋಣೆ ಮತ್ತು ಫೋಟೋ ಕೋಣೆ, ಅಷ್ಟೆ. ಗಂಡ ತೀರಿಕೊಂಡ ಮೇಲೆ ಒಡತಿ ಒಬ್ಬಳೇ ಇದನ್ನು ಕಟ್ಟಿ ನಿಲ್ಲಿಸಿದ್ದಳು. ಅಂಗಡಿಗಳವರು ಅವಳ ದೀಪಗಳನ್ನು ಮೂಲೆಗೆ ತಳ್ಳಿದಾಗ ಆನ್‌ಲೈನಿನಲ್ಲಿ ಮಾರಲು ಕಲಿತಳು. ಮೊದಲು ಊರೊಳಗೆ, ಆಮೇಲೆ ಸಮುದ್ರದಾಚೆಗೆ. ಹೊರದೇಶದ ದೊಡ್ಡ ಅಂಗಡಿಯೊಂದಕ್ಕೆ ಮೊದಲ ಬಾರಿ ಒಂದು ಲಾರಿಯಷ್ಟು ಸರಕು ಅದೇ ದಿನ ಸಂಜೆ ಹೊರಡಬೇಕಿತ್ತು. ತಪ್ಪಿದರೆ ಅವರು ಇನ್ನೊಮ್ಮೆ ಕೇಳುವವರಲ್ಲ.

ಸತ್ತವನು ಅವಳ ಭಾವ, ಗಂಡನ ಅಣ್ಣ. ಕಟ್ಟಡ ಅವನದು. ತಮ್ಮನ ಹೆಂಡತಿ ಪರದೇಶದವರ ಜೊತೆ ವ್ಯಾಪಾರ ಮಾಡುವುದು ಅವನ ಕಣ್ಣಿಗೆ ಕಸವಾಗಿತ್ತು.

ಒಡತಿ ಮೆಟ್ಟಿಲ ಮೇಲೆ ಕೂತಿದ್ದಳು. ಬಲಗೈಗೆ ಮುಂಗೈವರೆಗೂ ಬ್ಯಾಂಡೇಜು. ಅವಳನ್ನು ಕಾಯಲು ನಿಂತಿದ್ದ ಮಹಿಳಾ ಪೇದೆ ಯಾರೂ ಹೇಳದಿದ್ದರೂ ತನ್ನ ಸ್ವೆಟರನ್ನು ಮಡಿಸಿ ಅವಳ ಬೆನ್ನಿಗೆ ಒತ್ತಾಗಿ ಇಟ್ಟಿದ್ದಳು. ಸೊಸೆ ಅದನ್ನು ಗಮನಿಸಿದಳು.

“ಕೈಗೇನಾಯ್ತಮ್ಮಾ?” ಎಂದಳು ಅತ್ತೆ.

“ಮೊನ್ನೆ ಭಾವ ಬಂದ್ರು. ಆನ್‌ಲೈನ್ ಅಂಗಡಿ ಖಾತೆಯ ಪಾಸ್‌ವರ್ಡ್ ಕೊಡು, ಇನ್ಮೇಲೆ ನಾನೇ ನಡೆಸ್ತೀನಿ ಅಂದ್ರು. ಕೊಡಲ್ಲ ಅಂದೆ. ಮೇಜಿನ ಮೇಲೆ ಹೊಸ ದೀಪ ಇತ್ತು, ನೀಲಿ, ಮೂರು ಎಸಳಿಂದು. ಅವತ್ತು ಬೆಳಿಗ್ಗೆ ತಾನೇ ಫೋಟೋ ತೆಗೆದಿದ್ವಿ. ಇನ್ನೂ ಮಾರಾಟಕ್ಕೆ ಹಾಕಿರ್ಲಿಲ್ಲ, ಯಾರಿಗೂ ತೋರಿಸಿರ್ಲಿಲ್ಲ. ಅದನ್ನ ಗೋಡೆಗೆ ಎಸೆದ್ರು. ನನ್ನ ಕೈ ಹಿಡಿದು ಆ ಚೂರುಗಳ ಮೇಲೆ ಒತ್ತಿದ್ರು.”

“ನೋಡ್ತಾ ನಿಂತವರು ಯಾರ್ಯಾರು?”

“ಟೇಪಕ್ಕ ಬಿಡಿಸೋಕೆ ಬಂದ್ಲು, ಅವಳ ಹೊಟ್ಟೆಗೆ ಒದ್ರು. ನನ್ನ ಗೆಳತಿ ಇದ್ಲು, ಫೋಟೋ ತೆಗೆಯೋಳು. ಅಕ್ಕನೂ ಇದ್ರು.” ಅಕ್ಕ ಅಂದರೆ ಓರಗಿತ್ತಿ, ಸತ್ತವನ ಹೆಂಡತಿ.

ಆ ಓರಗಿತ್ತಿ ಅಂಗಳದಿಂದಲೇ ಕೂಗುತ್ತಿದ್ದಳು. “ಅವಳನ್ನ ಇನ್ನೂ ಯಾಕೆ ಕೂರಿಸಿಕೊಂಡಿದ್ದೀರಿ? ಕೋಳ ಹಾಕಿ! ನನ್ನ ಗಂಡನ್ನ ತಿಂದವಳು ಅವಳೇ!” ಕೂಗುವಾಗ ಸೆರಗು ಜಾರಿತು. ತೋಳಿನ ಮೇಲೆ ಹಳದಿಗಟ್ಟಿದ ಹಳೆಯ ಬಾಸುಂಡೆಗಳಿದ್ದವು. ಸೊಸೆ ಮುಖ ತಿರುಗಿಸಿದಳು.

ಟೇಪಕ್ಕ ಅಂದರೆ ಪ್ಯಾಕಿಂಗ್ ಮಾಡುವವಳು. ಒದೆ ತಿಂದ ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಪೊಲೀಸರಿಗೆಲ್ಲ ಟೀ ಹಂಚುತ್ತಿದ್ದಳು.

“ಕುಡೀರಿ, ವಿಷ ಹಾಕಿಲ್ಲ. ಹಾಕೋದಾಗಿದ್ರೆ ಆ ಮನುಷ್ಯ ಬದುಕಿದ್ದಾಗಲೇ ಹಾಕ್ತಿದ್ದೆ,” ಎಂದಳು. ಇನ್‌ಸ್ಪೆಕ್ಟರ್ ಬಾಯಿಗಿಟ್ಟ ಲೋಟವನ್ನು ಕೆಳಗಿಟ್ಟ.

ಅತ್ತೆ ಮಾತ್ರ ಸೊರ್ರನೆ ಹೀರಿದಳು. “ಪ್ಯಾಕಿಂಗ್ ಹೇಗೆ ಮಾಡ್ತೀಯ, ತೋರ್ಸು.”

ಟೇಪಕ್ಕ ಹಲ್ಲಿನ ಬ್ಲೇಡಿದ್ದ ಟೇಪ್ ಗನ್ ಎತ್ತಿಕೊಂಡು ಪೆಟ್ಟಿಗೆಯ ಮೇಲೆ ಸರ್ರನೆ ಎಳೆದು ಕತ್ತರಿಸಿದಳು. ಕತ್ತರಿಸಿದ ತುದಿಯನ್ನು ಒಂದು ಬೆರಳಿನಷ್ಟು ಒಳಕ್ಕೆ ಮಡಿಸಿ ಒತ್ತಿದಳು. “ಇದಕ್ಕೆ ಕಿವಿ ಅಂತೀವಿ. ಅಲ್ಲಿ ಪಾರ್ಸೆಲ್ ಬಿಚ್ಚೋರು ಇದನ್ನ ಹಿಡಿದು ಎಳೆದ್ರೆ ಸಾಕು, ಚಾಕು ಬೇಡ. ಒಬ್ರು ಅಜ್ಜಿ ಟೇಪು ಕೀಳೋಕೆ ಹೋಗಿ ಕೈ ಕುಯ್ಕೊಂಡೆ ಅಂತ ಬರೆದಿದ್ರಂತೆ. ಅವತ್ತಿಂದ ಅಮ್ಮಾವ್ರು ತಾವೂ ಹೀಗೇ ಮಡಿಸ್ತಾರೆ, ನಂಗೂ ಕಲಿಸಿದ್ರು. ಈಗ ಮನೇಲಿ ಉಪ್ಪಿನ ಪೊಟ್ಟಣಕ್ಕೆ ಟೇಪು ಹಚ್ಚಿದ್ರೂ ಕೈ ತಾನಾಗೇ ಮಡಿಸುತ್ತೆ.”

ಅಷ್ಟರಲ್ಲಿ ಪೊಲೀಸರ ಜೊತೆ ಬಂದಿದ್ದ ಡಾಕ್ಟರಮ್ಮ ಹೆಣದ ಟೇಪು ಬಿಚ್ಚಲು ಕೂತಿದ್ದರು. “ತುದಿ ಚರ್ಮದ ಹಾಗೆ ಅಂಟಿಕೊಂಡಿದೆ, ಉಗುರಿಗೇ ಸಿಗ್ತಿಲ್ಲ,” ಎಂದು ಚಿಮಟ ತೆಗೆದುಕೊಂಡರು. ಅದು ಕತ್ತರಿಯಿಂದ ನೇರವಾಗಿ ಕತ್ತರಿಸಿದ್ದ ತುದಿ. ಸುತ್ತು ಸುತ್ತಾಗಿ ಬಿಚ್ಚುವಾಗ ಮೀಸೆಯ ಕೂದಲು ಕಿತ್ತು ಬಂತು. ತುಟಿ ಹಲ್ಲಿಗೆ ಒತ್ತಿ ಸೀಳಿಹೋಗಿತ್ತು. ಕೊನೆಯ ಸುತ್ತೂ ಕೈಗೆ ಬಂದಾಗ ಅದರ ತುದಿಯಲ್ಲಿ ಒಂದು ಪುಟ್ಟ ಮಡಿಕೆ ಕಂಡಿತು. ಮಣಿಕಟ್ಟಿನ ಟೇಪಿನಲ್ಲೂ ಹಾಗೆಯೇ ಇತ್ತು.

“ನೋಡಿ, ಕಿವಿ!” ಎಂದ ಇನ್‌ಸ್ಪೆಕ್ಟರ್. “ಬಾಯಿಯ ಟೇಪಿನ ಪದರದ ನಡುವೆ ಇದು ಆಗಲೇ ಉಬ್ಬಿ ಕಾಣ್ತಿತ್ತು. ಈ ಅಭ್ಯಾಸ ಇರೋದು ಒಡತಿಗೆ ಮತ್ತು ಪ್ಯಾಕಿಂಗಿನವಳಿಗೆ. ಇಬ್ಬರಿಗೂ ಹೊಡೆತ ಬಿದ್ದಿದೆ. ನಿನ್ನೆ ಸಂಜೆ ಕೊಲೆಯಾದ ಹೊತ್ತಲ್ಲಿ ಪ್ಯಾಕಿಂಗಿನವಳು ಆಸ್ಪತ್ರೆಯಲ್ಲಿದ್ಳು, ನರ್ಸ್ ಹೇಳಿದ್ದಾಳೆ. ಇನ್ನು ಉಳಿದವಳು ಒಬ್ಬಳೇ.”

“ಬೆರಳಚ್ಚು?”

“ಎಲ್ಲೂ ಇಲ್ಲ. ಹೊಡೆದದ್ದು ದೀಪದ ಕಬ್ಬಿಣದ ಪೀಠದಿಂದ. ಅದರ ಮೇಲೂ ಇಲ್ಲ. ಟೇಪಿನ ಹೊರಮೈ ಮೇಲೂ ಇಲ್ಲ.”

ಅತ್ತೆ ಟೇಪನ್ನು ಬೆಳಕಿಗೆ ಹಿಡಿದು ನೋಡಿದಳು. ಅಂಟಿನ ಮೇಲೆ ಅಲ್ಲಲ್ಲಿ ಬಿಳಿಯ ಸಣ್ಣ ನೂಲಿನೆಳೆಗಳಿದ್ದವು. ಎದುರಿನ ಕೋಣೆಗೆ ನಡೆದಳು.

ಫೋಟೋದವಳು ಒಡತಿಯ ಕಾಲೇಜಿನ ಗೆಳತಿ. ಕಣ್ಣುಗಳು ಅತ್ತು ಅತ್ತು ಊದಿದ್ದವು. ಆದರೂ ಕೆಲಸ ನಿಲ್ಲಿಸಿರಲಿಲ್ಲ. ಬಿಳಿಯ ಹತ್ತಿಯ ಕೈಗವಸು ತೊಟ್ಟು ದೀಪವೊಂದನ್ನು ಒರೆಸುತ್ತಿದ್ದಳು.

“ಗಾಜು ಅಲ್ವಾ, ಬೆರಳು ಮುಟ್ಟಿದ್ರೆ ಗುರುತು ಫೋಟೋದಲ್ಲಿ ಎದ್ದು ಕಾಣುತ್ತೆ,” ಎಂದಳು. “ಸುಮ್ನೆ ಕೂತ್ರೆ ಹುಚ್ಚು ಹಿಡಿಯುತ್ತೆ ಆಂಟಿ. ಪಾಪ, ಅವಳು ಎಷ್ಟು ದಿನ ಅಂತ ಸಹಿಸ್ತಾಳೆ? ಕೋಪದಲ್ಲಿ ಮಾಡಿಬಿಟ್ಟಿದ್ದಾಳೆ. ಕೋರ್ಟಿನವರು ಕರುಣೆ ತೋರಿಸಬೇಕು.”

“ಪ್ಯಾಕಿಂಗ್ ಏನಾದ್ರೂ ಮಾಡ್ತೀಯಾ ನೀನು?”

“ಅಯ್ಯೋ, ಒಂದು ಪೆಟ್ಟಿಗೆ ಮುಚ್ಚೋಕೂ ಬರಲ್ಲ ನಂಗೆ. ಟೇಪಕ್ಕನ್ನ ಕೇಳಿ, ನಗ್ತಾಳೆ.”

ಹಿಂದಿನ ಗೋಡೆಗೆ ಅಂಟಿಸಿದ್ದ ಬಿಳಿ ಹಾಳೆಯ ಒಂದು ಮೂಲೆ ಕಿತ್ತು ಬಂದಿತ್ತು. ಅವಳು ಮಾತಾಡುತ್ತಲೇ ಮೇಜಿನ ಮೇಲಿದ್ದ ಟೇಪಿನ ಉರುಳೆ ತೆಗೆದುಕೊಂಡು ಒಂದು ತುಂಡು ಎಳೆದು, ಕತ್ತರಿಯಿಂದ ಕತ್ತರಿಸಿ ಹಚ್ಚಿದಳು. ಉರುಳೆಯನ್ನು ಮತ್ತೆ ಅದರ ಜಾಗದಲ್ಲಿಟ್ಟಳು. ಅತ್ತೆ ಅವಳ ಕೈಗಳನ್ನೇ ನೋಡುತ್ತಿದ್ದಳು.

ಹೊರಗೆ ಬಂದು ಸೊಸೆಯ ಕಿವಿಯಲ್ಲಿ, “ಹೊತ್ತು ಹೋಗದಾಗ ಆ ಫೋನಲ್ಲಿ ಸೀರೆ ಹುಡುಕ್ತೀಯಲ್ಲ, ಇವತ್ತು ದೀಪ ಹುಡುಕು. ಹೊರದೇಶದ ಅಂಗಡಿಗಳಲ್ಲಿ. ನೀಲಿ, ಮೂರು ಎಸಳು,” ಎಂದಳು.

“ನಾನು ಸೀರೆ ಹುಡುಕೋದು ನಿಮಗೆ ಹೇಗೆ ಗೊತ್ತು ಅತ್ತೆ?”

“ತಿಂಗಳ ಕೊನೆಗೆ ಮಗನ ಸಂಬಳ ಸಾಲದೆ ಬರುತ್ತಲ್ಲ, ಅದಕ್ಕೂ ಪತ್ತೇದಾರಿ ಬೇಕಾ?”

ಸೊಸೆ ಮೆಟ್ಟಿಲ ಮೇಲೆ ಒಡತಿಯ ಪಕ್ಕದಲ್ಲೇ ಕೂತು ಹುಡುಕಿದಳು. ಕಣ್ಣು ಉರಿಯುವ ಹೊತ್ತಿಗೆ ಒಂದು ಚಿತ್ರ ಸಿಕ್ಕಿತು. ಅವಳು ಅದನ್ನು ಅತ್ತೆಗೆ ತೋರಿಸಿದಳು.

ಮಧ್ಯಾಹ್ನ ಎಲ್ಲರನ್ನೂ ಪ್ಯಾಕಿಂಗ್ ಕೋಣೆಗೆ ಕರೆಸಿದರು. ಹೆಣ ಸಾಗಿಸಿಯಾಗಿತ್ತು, ಕಲೆ ಹಾಗೇ ಇತ್ತು. ಕಲೆಯಿಂದ ಆದಷ್ಟು ದೂರಕ್ಕೆ ಎಲ್ಲರೂ ಗೋಡೆಗೊರಗಿ ನಿಂತರು. ಓರಗಿತ್ತಿ ಮಾತ್ರ ಕಲೆಯ ಪಕ್ಕದಲ್ಲೇ ನೆಲದ ಮೇಲೆ ಕೂತಳು.

“ಕಿವಿ ಇದೆ ನಿಜ,” ಎಂದು ಅತ್ತೆ ಶುರುಮಾಡಿದಳು. “ಆದ್ರೆ ಎಲ್ಲಿದೆ? ಇಲ್ಲಿ ಪೆಟ್ಟಿಗೆ ಕಟ್ಟೋರು ಮಡಿಸೋದು ಕೊನೆಯ ತುದಿನ, ಹೊರಗಿರೋ ತುದಿನ. ಬಿಚ್ಚೋರಿಗೆ ಸಿಗಲಿ ಅಂತ. ಡಾಕ್ಟರಮ್ಮನಿಗೆ ಹೊರಗಿನ ತುದಿ ಉಗುರಿಗೂ ಸಿಗಲಿಲ್ಲ, ಚಿಮಟ ಬೇಕಾಯ್ತು. ಮಡಿಕೆ ಸಿಕ್ಕಿದ್ದು ಎಲ್ಲ ಸುತ್ತು ಬಿಚ್ಚಿದ ಮೇಲೆ. ಅಂದ್ರೆ ಅದು ಮೊದಲು ಅಂಟಿಸಿದ ತುದಿ.”

ಇನ್‌ಸ್ಪೆಕ್ಟರ್ ಚೀಲದಲ್ಲಿದ್ದ ಟೇಪು ಎತ್ತಿ ಎರಡೂ ತುದಿಗಳನ್ನು ಮತ್ತೆ ನೋಡಿದ.

“ಮೊದಲ ತುದಿ ಮಡಿಕೆಯಾಗಿರೋದು ಯಾವಾಗ? ಉರುಳೆಯ ಮೇಲೇ ಯಾರೋ ಅದನ್ನ ಮಡಿಸಿ ಇಟ್ಟಿದ್ರೆ. ಟೇಪ್ ಗನ್ನಿನಲ್ಲಿ ಆ ಗೋಜೇ ಇಲ್ಲ, ತುದಿ ಬ್ಲೇಡಿನ ಹತ್ರ ನಿಂತಿರುತ್ತೆ, ಕತ್ತರಿಸಿದಾಗ ಹಲ್ಲಿನ ಗುರುತೂ ಬೀಳುತ್ತೆ. ಹೆಣದ ಮೇಲಿನ ಟೇಪು ಕತ್ತರಿಯಲ್ಲಿ ಕತ್ತರಿಸಿದ್ದು. ಹಾಗಾದ್ರೆ ಗನ್ನಿಲ್ಲದ ಬಿಡಿ ಉರುಳೆ ಇಟ್ಕೊಂಡು, ಪ್ರತಿಸಲ ಕತ್ತರಿಸಿದ ಮೇಲೆ ಉರುಳೆಯ ತುದಿ ಮಡಿಸೋರು ಯಾರು? ಬೆರಳಿನ ಉಗುರಿಂದ ತುದಿ ಹುಡುಕೋಕೆ ಆಗದವರು. ಕೈಗವಸು ಹಾಕ್ಕೊಂಡೇ ಕೆಲಸ ಮಾಡೋರು.”

ಎಲ್ಲರ ಕಣ್ಣುಗಳೂ ಫೋಟೋದವಳ ಕೈಗಳ ಮೇಲೆ ಬಿದ್ದವು.

“ಒಡತಿ ಮಡಿಸೋದು ಇನ್ನೊಬ್ಬರ ಕೈಗೆ ಅನುಕೂಲ ಆಗಲಿ ಅಂತ. ನೀನು ಮಡಿಸೋದು ನಿನ್ನ ಕೈಗೆ. ಬೆಳಿಗ್ಗೆ ನನ್ನೆದುರೇ ಹಾಳೆ ಅಂಟಿಸಿದೆಯಲ್ಲ, ಉರುಳೆ ಕೆಳಗಿಡೋ ಮುಂಚೆ ಅದರ ತುದಿ ಮಡಿಸಿದೆ. ಹೆಣದ ಟೇಪಿನ ಅಂಟಿನಲ್ಲಿ ಬಿಳಿ ಹತ್ತಿಯ ಎಳೆಗಳಿವೆ. ಬೆರಳಚ್ಚು ಎಲ್ಲೂ ಇಲ್ಲ. ಒಡತಿನೋ ಟೇಪಕ್ಕನೋ ಆಗಿದ್ರೆ ಹೊರಗಿನ ತುದಿಯೂ ತಾನಾಗೇ ಮಡಿಕೆಯಾಗಿರ್ತಿತ್ತು. ಇಲ್ಲಿ ಟೇಪು ಹಿಡಿಯೋರಲ್ಲಿ ಆ ಅಭ್ಯಾಸ ಇಲ್ಲದೆ ಇರೋಳು ನೀನೊಬ್ಬಳೇ.”

“ಕೈಗವಸು ಯಾರು ಬೇಕಾದ್ರೂ ಹಾಕ್ಕೋಬಹುದು,” ಎಂದಳು ಫೋಟೋದವಳು. “ನಾನ್ಯಾಕೆ ಅವನನ್ನ ಕೊಲ್ಲಲಿ?”

ಅತ್ತೆ ಸೊಸೆಯತ್ತ ನೋಡಿದಳು. ಸೊಸೆ ಫೋನು ಎತ್ತಿ ಹಿಡಿದಳು. ಹೊರದೇಶದ ಅಗ್ಗದ ಅಂಗಡಿಯೊಂದರ ಪುಟ. ಅದರಲ್ಲಿ ನೀಲಿ ದೀಪ, ಮೂರು ಎಸಳು.

ಒಡತಿ ಬ್ಯಾಂಡೇಜಿನ ಕೈಯಿಂದಲೇ ಫೋನು ಕಿತ್ತುಕೊಂಡಳು. “ಇದು ನಮ್ಮ ಫೋಟೋ. ಇದು... ಭಾವ ಒಡೆದ್ರಲ್ಲ, ಅದೇ ದೀಪ. ಇದರ ಫೋಟೋ ಇರೋದು ಒಂದೇ ಕ್ಯಾಮೆರಾದಲ್ಲಿ.”

“ನೀನು ತೆಗೆದ ಫೋಟೋಗಳನ್ನ ನಕಲಿ ಮಾಡೋರಿಗೆ ಮಾರ್ತಿದ್ದೀಯ,” ಎಂದಳು ಅತ್ತೆ. “ಅದನ್ನ ಇವಳ ಭಾವ ಕಂಡುಹಿಡಿದ. ಅಲ್ವಾ?”

ಫೋಟೋದವಳು ಗೋಡೆಗುಂಟ ಜಾರಿ ಕುಕ್ಕರುಗಾಲಲ್ಲಿ ಕೂತಳು.

“ನಿನ್ನೆ ಸಂಜೆ ಬಂದ. ನನ್ನ ಕಂಪ್ಯೂಟರ್ ತೆರೆದು ಎಲ್ಲ ನೋಡಿದ. ಫೋಟೋ ಹಾಕೋಕೆ ನಿನ್ನ ಹತ್ರ ಪಾಸ್‌ವರ್ಡ್ ಇದೆಯಲ್ಲ, ಅಂಗಡಿ ಖಾತೆ ನನ್ನ ಹೆಸರಿಗೆ ಮಾಡಿಕೊಡು, ಇಲ್ಲದಿದ್ರೆ ನಿನ್ನ ಗೆಳತಿಗೆ ಹೇಳ್ತೀನಿ ಅಂತ ಇಲ್ಲಿಗೆ ಎಳ್ಕೊಂಡು ಬಂದ. ಕೂದಲು ಹಿಡಿದು ಮೇಜಿಗೆ ಗುದ್ದಿದ. ಪೀಠ ಕೈಗೆ ಸಿಕ್ತು. ಹೊಡೆದೆ. ಕುರ್ಚಿ ಮೇಲೆ ಬಿದ್ದ. ಎದ್ರೆ ನನ್ನನ್ನ ಬಿಡಲ್ಲ ಅಂತ ನನ್ನ ಟೇಪು ತಂದು ಕಟ್ಟಿದೆ. ಆಮೇಲೆ ಕಣ್ಣು ಬಿಟ್ಟ. ಬಾಯಿ ಕಟ್ಟಿದ್ರೂ ಕಣ್ಣಲ್ಲೇ ಬೈತಿದ್ದ. ಮತ್ತೆ ಹೊಡೆದೆ. ಆ ಕಣ್ಣು ಮುಚ್ಚೋವರೆಗೂ ಹೊಡೆದೆ.”

“ಮೊದಲ ಏಟಿಗಾದ್ರೆ ನಾನೇ ಬಂದು ನಿನ್ನ ಪರ ಸಾಕ್ಷಿ ಹೇಳ್ತಿದ್ದೆ ಮಗಳೇ,” ಎಂದಳು ಅತ್ತೆ. “ಕಟ್ಟಿ ಕೂರಿಸಿದವನಿಗೆ ಹೊಡೆದದ್ದಕ್ಕೆ ಯಾರು ಹೇಳಬೇಕು?”

ಒಡತಿ ಗೆಳತಿಯ ಮುಂದೆ ಹೋಗಿ ನಿಂತಳು. “ನನ್ನನ್ನ ಕರ್ಕೊಂಡು ಹೋಗ್ತಾರೆ ಅಂತ ಗೊತ್ತಿತ್ತಲ್ಲ ನಿಂಗೆ?”

“ನಿನ್ನ ಮೇಲೆ ಎಲ್ಲರಿಗೂ ಕರುಣೆ ಇದೆ ಕಣೆ. ಹೇಗೋ ಬಿಡ್ತಾರೆ ಅಂದ್ಕೊಂಡೆ.”

ಒಡತಿ ಎಡಗೈಯಿಂದ ಅವಳ ಕೆನ್ನೆಗೆ ಬಾರಿಸಿದಳು. ಸದ್ದು ಗಾಜಿಗೆಲ್ಲ ತಾಗಿ ಬಂತು. ಯಾರೂ ತಡೆಯಲಿಲ್ಲ. ಪೇದೆ ಫೋಟೋದವಳನ್ನು ಎಬ್ಬಿಸಿ, ಕೋಳ ಹಾಕುವ ಮುಂಚೆ ಅವಳ ಕೆದರಿದ ಕೂದಲನ್ನು ಕಣ್ಣಿಂದ ಪಕ್ಕಕ್ಕೆ ಸರಿಸಿದಳು.

ಅವರು ಮೆಟ್ಟಿಲಿಳಿದು ಹೋದರು. ಕೆಳಗೆ ಲಾರಿಯವನು ಹಾರನ್ ಹೊಡೆದ. ಇನ್‌ಸ್ಪೆಕ್ಟರ್ ಎದುರಿನ ಗೋಡೆಯ ಪಕ್ಕ ಒಟ್ಟಿದ್ದ ಪೆಟ್ಟಿಗೆಗಳನ್ನು ತೋರಿಸಿ, “ಅವನ್ನ ಬೆಳಿಗ್ಗೇನೇ ತಪಾಸಣೆ ಮಾಡಿದ್ದೀವಿ, ಕಳಿಸಬಹುದು,” ಎಂದ.

ಒಡತಿ ತನ್ನ ಬ್ಯಾಂಡೇಜಿನ ಕೈ ನೋಡಿಕೊಂಡಳು. ಟೇಪಕ್ಕ ಹೊಟ್ಟೆ ಹಿಡಿದುಕೊಂಡು ಬಗ್ಗಲು ಹೋಗಿ ನರಳಿದಳು. ಸೊಸೆ ಸೆರಗು ಸಿಕ್ಕಿಸಿ ಮುಂದೆ ಬರುವಷ್ಟರಲ್ಲಿ ಓರಗಿತ್ತಿ ನೆಲದಿಂದ ಎದ್ದಳು. ಯಾರ ಮುಖವನ್ನೂ ನೋಡದೆ ಹೋಗಿ ಒಂದು ಪೆಟ್ಟಿಗೆಯ ಒಂದು ಕಡೆ ಹಿಡಿದಳು.

“ಅವರು ನಿನ್ನ ಕೈ ಚೂರಿಗೆ ಒತ್ತಿದಾಗ ನಾನು ಇಲ್ಲೇ ಇದ್ದೆ,” ಎಂದಳು. “ಸದ್ಯ, ಇವತ್ತು ನನ್ನ ಪಾಳಿ ಅಲ್ಲ ಅಂದ್ಕೊಂಡೆ.”

ಒಡತಿ ಎಡಗೈಯಿಂದ ಪೆಟ್ಟಿಗೆಯ ಇನ್ನೊಂದು ಕಡೆ ಹಿಡಿದಳು.

“ಇದು ಎಲ್ಲಿಗೆ ಹೋಗುತ್ತೆ?” ಓರಗಿತ್ತಿ ಕೇಳಿದಳು.

“ತುಂಬಾ ದೂರ ಅಕ್ಕ. ಭಾರ ಇದೆ, ಕೆಳಗಿಂದ ಹಿಡ್ಕೊಳ್ಳಿ.”