ಚುಕ್ಕಿ ಮುಚ್ಚದ ಹೊಂಡ

"ಯಾರನ್ನ ಕೇಳಿ ಇದನ್ನ ಅಚ್ಚು ಹಾಕಿಸ್ದೆ?"

ಆಸ್ಟ್ರೇಲಿಯಾದ ಮರುಭೂಮಿಯ ಆ ಊರಿನ ಕಲಾಕೇಂದ್ರದ ಮೇಜಿನ ಮೇಲಿದ್ದ ಸ್ಕಾರ್ಫನ್ನು ಲೊರೇನ್ ಎತ್ತಿ ಹಿಡಿದಳು. ಅಮ್ಮ ತೀರಿಕೊಂಡ ಮೇಲೆ ಬಂಧುಗಳೊಂದಿಗೆ ಕೂತಿದ್ದ ಸೂತಕದ ಬಿಡಾರದಿಂದ ಅಂದೇ ಹೊರಬಂದಿದ್ದಳು. ಸತ್ತವರ ಹೆಸರೆತ್ತಬಾರದೆಂಬ ಬುಡಕಟ್ಟಿನ ಕಟ್ಟಳೆಯಿಂದ ಈಗ ಯಾರೂ ಹೆಸರು ಹಿಡಿದು ಕರೆಯಲಾಗದ ಅಮ್ಮ... ಅವಳು ಕೊನೆಯದಾಗಿ ಬರೆದ, ತವರಿನ ಪವಿತ್ರ ನೀರುಹೊಂಡದ ಚಿತ್ರ ಮಾರಾಟದ ಬಟ್ಟೆಯ ಮೇಲೆ!

ಅಲ್ಲಿ ಕೆಲಸಕ್ಕಿದ್ದ ಕ್ಲೈವ್ ತಡಬಡಿಸಿ ಎದ್ದ. ಇವಳು ಯಾವಾಗ ಬಂದಾಳೆಂದು ದಿನವೂ ಬಾಗಿಲು ನೋಡುತ್ತಿದ್ದವನು.

"ನಿನ್ನ ಮಾವನ್ನ ಕೇಳ್ದೆ, ಲೊರೇನ್. ಆ ಹೊಂಡ ಅವರ ಮನೆತನದ್ದಲ್ವಾ? ಹೂಂ ಅಂದ್ರು."

"ಹೊಂಡ ಮಾವಂದೇ. ನಮ್ಮ ಕಟ್ಟಳೇಲಿ ಅದನ್ನ ಕಾಯೋಳು ಯಾರು? ಅವರ ತಂಗಿ ಮಗಳು, ನಾನು! ನಾನು ಹೂಂ ಅನ್ನದೆ ಮಾವನೂ ಕೊಡೋ ಹಾಗಿಲ್ಲ. ನಿನಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು... ನೀನು ಅಳ್ತಾ ಕೂತಿದ್ದೆ. ಹೇಗೆ ಬಂದು ಕೇಳ್ಲಿ? ಇನ್ನೂ ನೋವಾಗುತ್ತೆ ಅಂತ..."

'ಅಯ್ಯೋ ಪೆದ್ದ!' ಲೊರೇನ್ ಸ್ಕಾರ್ಫನ್ನು ಅವನ ಮುಂದೆ ಹರಡಿದಳು.

"ನಡುವೆ ನೋಡು!"

ಹೊರಗಿನವರು ನೋಡಬಾರದ ಗುರುತು ಅಲ್ಲಿ ಬಯಲಾಗಿತ್ತು. ಅದನ್ನು ವಾಡಿಕೆಯಂತೆ ಚುಕ್ಕಿಗಳಿಂದ ಮುಚ್ಚುವ ಮೊದಲೇ ಅಮ್ಮನ ಉಸಿರು ನಿಂತಿತ್ತು. ಮಾವನ ಮಂಜುಗಣ್ಣಿಗೆ ಅದು ಕಂಡಿರಲಿಲ್ಲ. ಲೊರೇನ್ ನೋಡಿದ್ದರೆ ಅಂದೇ ತಡೆಯುತ್ತಿದ್ದಳು.

"ನನ್ನ ಕಣ್ಣೀರು ಕಂಡಿತು, ನನ್ನ ಹಕ್ಕು ಕಾಣ್ಲಿಲ್ಲ ಅಲ್ವಾ? ಹೋಗು, ಮಾರ್ಕೊಂಡು ತಿನ್ನು!"

ಕ್ಲೈವ್ ಗಾಡಿ ಹತ್ತಿ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದ ಕಡೆ ಹೊರಟೇಬಿಟ್ಟ.

'ಓಡಿಹೋದ, ಹೇಡಿ...' ಲೊರೇನ್‌ಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಯಿತು. 'ಅಮ್ಮನೂ ಇಲ್ಲ, ಇವನೂ ಇಲ್ಲ!'

ವಾರ ಕಳೆದು ಬಂದ. ಅಲ್ಲಿ ಅಂಗಡಿ ಅಂಗಡಿ ಅಲೆದು ವಾಪಸ್ ತಂದ ಸ್ಕಾರ್ಫ್‌ಗಳ ಗಂಟನ್ನು ಅವಳ ಮುಂದಿಟ್ಟ.

"ಸಿಕ್ಕಿದ್ದಿಷ್ಟು. ಕೆಲವು ಮಾರಿಹೋಗಿದ್ವು... ಯಾರ ಕೈಗೋ, ಯಾವ ಊರಿಗೋ. ಅವನ್ನ ತರೋಕೆ ನನ್ ಕೈಲಾಗ್ಲಿಲ್ಲ."



ಇಬ್ಬರೂ ಸೇರಿ ಎಲ್ಲವನ್ನೂ ಕೆಂಪು ಮರಳಿನ ಮೇಲೆ ಸುಟ್ಟರು. ಲೊರೇನ್ ಬಿಕ್ಕಿ ಬಿಕ್ಕಿ ಅತ್ತಳು. ಹೊರಗೆ ಹೋದದ್ದು ಹೋಯಿತು, ಇನ್ನು ಯಾವತ್ತೂ ತಿರುಗಿ ಬಾರದು.

"ತಪ್ಪಾಯ್ತು, ಲೊರೇನ್. ಹೋಗ್ಲಾ?"

"ಹೋಗು ಅಂದ್ನಾ ನಾನು? ಕೂತ್ಕೋ."

ಕೂತ. "ಇನ್ನೊಂದು ಮಾತು... ನಿನ್ನ ಕಂಡ್ರೆ ನನಗೆ ಪ್ರಾಣ. ಮದುವೆಗೆ ಮಾವನ್ನ ಕೇಳಿದೀನಿ. ಕುಲ ಹೊಂದುತ್ತೆ, ಆಗ್ಲಿ ಅಂದ್ರು."

"ಮತ್ತೆ ಮಾವನ್ನೇ ಕೇಳಿದ್ಯಾ!" ಅಳುವಿನ ನಡುವೆಯೂ ಅವಳಿಗೆ ನಗು ಬಂದುಬಿಟ್ಟಿತು. "ನನ್ನನ್ನ?"

"ನಿನ್ನನ್ನ ಕೇಳೋಕೆ ಭಯ..."

"ಭಯ ಇದ್ರೂ ಕೇಳ್ಬೇಕು, ಕ್ಲೈವ್."

ಅವನು ಮೆಲ್ಲಗೆ ಕೇಳಿದ. ಅವಳು ಅವನ ಬೂದಿ ಮೆತ್ತಿದ ಕೈ ಹಿಡಿದಳು.

"ಹೂಂ... ಆದ್ರೆ ಅಮ್ಮನ ದುಃಖ ಆರ್ಲಿ. ಅಲ್ಲೀವರೆಗೂ ಕಾಯ್ತೀಯಾ?"

"ಕಾಯ್ತೀನಿ."